ಎರಡನೇ ಏಟು

ಬೆಳಗಿನಿಂದ ಹಿಡಿದ ಮಳೆ ತಗಡಿನ ಮೇಲೆ ಒಂದೇ ಸಮನೆ ಸುರಿಯುತ್ತಿತ್ತು. ಟಯರ್ ಷೆಡ್ಡಿನೊಳಗೆ ಡ್ರೈವರುಗಳೆಲ್ಲ ಹಳೆಯ ಟಯರುಗಳ ಮೇಲೆ ಕುಕ್ಕರಿಸಿದ್ದರು. ಹೊರಗೆ ಅಂಗಳದ ಜಲ್ಲಿಯ ಮೇಲೆ ಲಾರಿಗಳು; ಅದರಾಚೆ ಹೆಂಚಿನ ಕಾರ್ಖಾನೆಯ ಮಣ್ಣಿನ ಗುಂಡಿಗೆ ಇಳಿಯುವ ದಾರಿ, ಬೆಣ್ಣೆ ಸವರಿಟ್ಟಂತೆ ಹೊಳೆಯುತ್ತಿತ್ತು. ಸಂಜೆಯ ಕೊನೆಯ ಟ್ರಿಪ್ಪಿಗೆ ಮೊದಲ ಸರದಿ ಹೊಸ ಡ್ರೈವರಮ್ಮನದು. ಭುಜಗಳನ್ನು ಕಳಚಿ ಪಕ್ಕಕ್ಕಿಟ್ಟರೆ ಸಾಕೆನ್ನುವಷ್ಟು ದಣಿದಿದ್ದ ಅವಳು ಬೂಟಿಗೆ ಮೆತ್ತಿದ ಜೇಡಿಯನ್ನು ಸ್ಕ್ರೂಡ್ರೈವರಿನಿಂದ ಕೆರೆಯುತ್ತಿದ್ದಳು.

"ಕೆಳಗಿರೋ ಆಸಾಮಿಗೆ ನನಗಿಂತ ಸುಸ್ತು," ಎಂದಳು. "ಮಧ್ಯಾಹ್ನ ಗಾಡಿಗೆ ಒಂದೇ ಏಟು ಹಾಕಿದ. ಎರಡನೇದಕ್ಕೆ ಕಾದೂ ಕಾದೂ ಸಾಕಾಗಿ ಹಾಗೇ ಹೊರಟೆ."

ಮೂಲೆಯಲ್ಲಿ ಟ್ಯೂಬಿಗೆ ಪ್ಯಾಚು ಉಜ್ಜುತ್ತಿದ್ದ ಮುದುಕ ತಲೆಯೆತ್ತಿದ. ಜೀವಮಾನವೆಲ್ಲ ಇದೇ ಗುಂಡಿಯಲ್ಲಿ ಲಾರಿ ಓಡಿಸಿ ಅವನ ಎಡಗೈ ಬೆರಳುಗಳು ಗೇರಿನ ಗುಂಡು ಹಿಡಿದ ಹಾಗೆಯೇ ಮಡಿಚಿ ಉಳಿದಿದ್ದವು. ಎಲ್ಲರ ಬಾಯಲ್ಲೂ ಅವನು ಗೇರಜ್ಜ.

"ಒಂದೇನಾ ಮಗಳೇ? ಹಾಗಾದ್ರೆ ನಿನಗೆ ಯಾರೂ ಹೇಳಿಲ್ಲ… ಹತ್ರ ಬಾ. ನೀವೂ ಬನ್ರೋ, ಏನೂ ಗೊತ್ತಿಲ್ಲದವರ ಥರ ಮುಖ ಮಾಡಬೇಡಿ.

"ಆಗ ಒಂದೊಂದು ಲಾರಿಗೂ ಒಬ್ಬ ಕ್ಲೀನರ್ ಇದ್ದ. ಈ ಹಳೇ ಡೀಸೆಲ್ ಗಾಡಿಗಳ ಮುಂದಿನ ಒಂದೊಂದು ಗಾಲಿಯ ನಟ್ಟನಡುವೆ ತಿರುಪು ಇದೆಯಲ್ಲ, ಅದನ್ನ ಕೈಯಿಂದ ತಿರುಗಿಸಿ ಲಾಕ್ ಮಾಡಿದ್ರೇ ನಾಲ್ಕೂ ಗಾಲಿಗೆ ಜೀವ, ಇಲ್ಲದಿದ್ರೆ ಜೇಡಿಯಲ್ಲಿ ಹಿಂದಿನ ಗಾಲಿ ಗಿರಗಿರ ತಿರುಗಿ ಗಾಡಿ ಕೂತಲ್ಲೇ ಕೂರುತ್ತೆ. ಮೇಲೆ ಜಲ್ಲಿ ಮೇಲೇ ಲಾಕ್ ಮಾಡ್ಕೊಂಡು ಇಳಿತೀವಿ ಸ್ವಾಮೀ ಅಂದ್ವಿ… ಬೇಡ, ಗಟ್ಟಿ ನೆಲದಲ್ಲಿ ಹಾಕಿದ್ರೆ ಗೇರು ಸವೆಯುತ್ತೆ, ಕೆಸರು ಶುರುವಾಗೋ ಕಡೆ ಇಳಿಜಾರಲ್ಲಿ ನಿಲ್ಲಿಸಿ ಹಾಕಿ ಅಂದ್ರು ಮ್ಯಾನೇಜರು. ಗೇರು ಸವೆಯಬಾರದು ನೋಡಿ! ಮನುಷ್ಯ ಸವೆದ್ರೆ ಯಾರಪ್ಪಂದೇನು ಹೋಯ್ತು? ಸರಿ, ಕ್ಲೀನರ್ ಇಳಿದು ಎರಡೂ ಕಡೆ ತಿರುಗಿಸಿ ಎರಡು ಏಟು ಹಾಕೋನು. ಮೊದಲನೇದು ಬಾಗಿಲಿಗೆ, ಲಾಕ್ ಆಯ್ತು ಅಂತ. ಎರಡನೇದು ಹಿಂದಿನ ಹಲಗೆಗೆ, ನಾನು ಸರಿದೆ ಅಂತ.

"ಒಬ್ಬನನ್ನ ಪೀಪಿ ಅಂತಿದ್ವಿ. ಯಾವಾಗ್ಲೂ ಸಿಳ್ಳೆ ಹಾಕ್ತಿದ್ದ. ಆವತ್ತು ಇಂಥದೇ ಮಳೆ, ಇಳಿದೂ ಹತ್ತೀ ಅವನ ಸಿಳ್ಳೆ ಕೂಡ ನಿಂತುಹೋಗಿತ್ತು. ನಾನು ಹಿಂದಿನ ಗಾಡೀಲಿದ್ದೆ. ಮೊದಲ ಏಟು ಕೇಳಿಸ್ತು. ಬ್ರೇಕ್ ಹಾಕೇ ಇತ್ತು, ಗಾಲಿ ಕದಲಲಿಲ್ಲ, ಆದ್ರೆ ಗಾಡಿ ಕದಲಿತು… ಜೇಡಿ ಹಾಗೇ ಅಲ್ವಾ, ನಿಂತಿರೋದನ್ನೇ ಜಾರಿಸುತ್ತೆ. ದನ ಗೋಡೆಗೆ ಒರಗೋ ಹಾಗೆ ನಿಧಾನವಾಗಿ ದಾರಿ ಪಕ್ಕದ ದಿಣ್ಣೆಗೆ ಒರಗ್ತು. ಮಧ್ಯೆ ಪೀಪಿ. ಕೂಗಲೂ ಇಲ್ಲ. ಅವನ ಒಂದು ಬೂಟು ಸಿಗಲೇ ಇಲ್ಲ, ಮಣ್ಣಿನ ಜೊತೆ ಹೆಂಚು ಸುಡೋ ಗೂಡಿಗೆ ಹೋಗಿ ಯಾರ ಮನೆ ಹೆಂಚಾಯ್ತೋ… ಅವನ ಹೆಂಡತಿ ಗೇಟಿನ ಹತ್ರ ಬಂದು ನಿಂತ್ರೆ, ಅವನು ನಮ್ಮ ಆಳೇ ಅಲ್ಲ, ಯಾರದೋ ಬದಲಿಗೆ ಬಂದಿದ್ದ ಅಂದ್ರು ಮ್ಯಾನೇಜರು.

"ಮುಂದಿನ ಮಳೆಗೆ ಯಾವ ಕ್ಲೀನರೂ ಇಳಿಯಲಿಲ್ಲ. ನಾನೇ ಇಳಿಯೋಣ ಅಂತ ಬಾಗಿಲಿಗೆ ಕೈ ಹಾಕಿದೆ… ಹೊರಗಿಂದ ಟಪ್ ಅಂತು. ಆಮೇಲೆ ಹಿಂದಿನ ಹಲಗೆ ಟಪ್ ಅಂತು. ಲಿವರ್ ಎಳೆದೆ ನೋಡು, ನಾಲ್ಕೂ ಗಾಲಿ ಮಣ್ಣು ಕಚ್ಚಿಕೊಂಡ್ವು. ಮ್ಯಾನೇಜರಿಗೆ ಸುದ್ದಿ ಮುಟ್ತು. ಹೆದರಿದ್ರು ಅಂದ್ಕೊಂಡ್ರಾ? ಕ್ಲೀನರುಗಳನ್ನೆಲ್ಲ ಮನೆಗೆ ಕಳಿಸಿದ್ರು! ಕೆಳಗೆ ಒಬ್ಬ ಇದ್ದಾನಲ್ಲ, ಇಷ್ಟು ಜನ ಯಾಕೆ ಅಂತ. ಸತ್ತವನನ್ನೂ ದುಡಿಸ್ಕೊಳ್ಳೋರಿಗೆ ದೆವ್ವ ಏನು ಮಾಡೀತು ಹೇಳು?"

ಡ್ರೈವರಮ್ಮನ ಕೈಯ ಸ್ಕ್ರೂಡ್ರೈವರ್ ಹಾಗೇ ನಿಂತಿತ್ತು. ಕೆಲಸಕ್ಕೆ ಸೇರಿದ ದಿನ ಮೇಸ್ತ್ರಿ ಹೇಳಿದ್ದೂ ಅದೇ ಮಾತು: ಇಳಿಜಾರಲ್ಲಿ ನಿಲ್ಲಿಸಮ್ಮ, ಕೆಳಗೆ ಒಬ್ಬ ಇದ್ದಾನೆ, ಎರಡು ಏಟು ಹಾಕ್ತಾನೆ, ಹೊರಡು. ಆ ಒಬ್ಬನ ಮುಖವನ್ನು ಅವಳು ನೋಡಿಯೇ ಇರಲಿಲ್ಲ. ಒಮ್ಮೆ ಪಾಪ ನೆನೆಯುತ್ತಿದ್ದಾನೆಂದು ಕಿಟಕಿಯಿಂದ ಬಿಸಿ ಚಹಾದ ಲೋಟ ಚಾಚಿದ್ದಳು. ಯಾರೂ ತೆಗೆದುಕೊಳ್ಳದೆ ಲೋಟದಲ್ಲಿ ಮಳೆನೀರು ತುಂಬಿತ್ತು.

"ಹಾಗಾದ್ರೆ ಮಧ್ಯಾಹ್ನ… ಅವನು ಸರಿಯೋ ಮುಂಚೇನೇ ನಾನು ಗಾಡಿ ಬಿಟ್ಟೆ."

"ಅವನಿಗೆ ಸರಿಯೋಕೂ ತ್ರಾಣ ಇಲ್ಲ ಮಗಳೇ. ಎಷ್ಟು ಮಳೆಗಾಲ ಅಂತ ದುಡೀತಾನೆ? ಹೋದ ವರ್ಷ ಉದ್ದಣ್ಣ ಅಂತ ಡ್ರೈವರಿದ್ದ. ಒಂದೇ ಏಟು ಬಿತ್ತು ಅಂತ ಇಳಿದು ನೋಡೋಕೆ ಹೋದ. ಇಂಜಿನ್ ಓಡ್ತಾನೇ ಇತ್ತು. ಹೆಜ್ಜೆ ಗುರುತು ಮುಂದಿನ ಗಾಲಿವರೆಗೆ ಹೋಗಿತ್ತು… ವಾಪಸ್ ಬಂದಿರಲಿಲ್ಲ. ದಣಿದವನು ಬದಲಿ ಆಳು ಕೇಳದೆ ಇರ್ತಾನಾ?"

ಹೊರಗೆ ಸೀಟಿ ಕೂಗಿತು. ತಲೆಗೆ ಪ್ಲಾಸ್ಟಿಕ್ ಚೀಲ ಹೊದ್ದ ಮೇಸ್ತ್ರಿ ಬಾಗಿಲಲ್ಲಿ ಇಣುಕಿದ. "ಏನಮ್ಮಾ, ಕಿವಿಗೂ ಕೆಸರು ಹೋಗಿದೆಯಾ? ಕೊನೇ ಟ್ರಿಪ್ಪು!"

ಮನೆಯಲ್ಲಿ ಅವಳೊಬ್ಬಳ ದುಡಿಮೆಯನ್ನೇ ನಂಬಿದ್ದ ತಂಗಿ, ತಂಗಿಯ ಎಳೆಗೂಸು. ಆದರೂ ಅವಳು ಏಳಲಿಲ್ಲ.

"ಜೊತೆಗೆ ಆಳು ಕೊಡಿ, ಇಳಿತೀನಿ."

"ಕೆಳಗೆ ಒಬ್ಬ ಇದ್ದಾನಲ್ಲ!"

"ಅವನಿಗೂ ಇವತ್ತು ರಜ."

"ನಾಳೆಯಿಂದ ಬರಬೇಡ ಹಾಗಾದ್ರೆ."

ಅವಳು ಲಾರಿಯ ಕೀಲಿಯನ್ನು ಎದುರಿನ ಟಯರಿನ ಮೇಲಿಟ್ಟಳು. ಪಕ್ಕದವನು ತನ್ನದನ್ನೂ ಇಟ್ಟ. ಒಬ್ಬೊಬ್ಬರಾಗಿ ಎಲ್ಲರೂ ಇಟ್ಟರು. ಮೇಸ್ತ್ರಿ ಕೀಲಿಗಳನ್ನೊಮ್ಮೆ, ಮುಖಗಳನ್ನೊಮ್ಮೆ ನೋಡಿ, ಏನೋ ಗೊಣಗುತ್ತ ಆಫೀಸಿನತ್ತ ನಡೆದ.

ಆಗ ಅಂಗಳದಲ್ಲಿ, ಇಂಜಿನ್ ಆರಿ ನಿಂತಿದ್ದ ಅವಳ ಲಾರಿಯ ಬಾಗಿಲು ಟಪ್ ಎಂದಿತು.

ಎಲ್ಲರೂ ಎರಡನೆಯದಕ್ಕೆ ಕಿವಿಗೊಟ್ಟರು. ಮಳೆಯ ಸದ್ದೊಂದೇ.

"ಕಾಯಬೇಡಿ," ಎಂದ ಗೇರಜ್ಜ, ಪ್ಯಾಚನ್ನು ಮತ್ತೆ ಉಜ್ಜತೊಡಗುತ್ತ. "ಗುಂಡಿ ಬಿಟ್ಟು ಜಲ್ಲಿವರೆಗೆ ಹತ್ತಿ ಬಂದಿದ್ದು ಇವತ್ತೇ ಮೊದಲು… ಎರಡನೇದು ಅವನು ಹಾಕಲ್ಲ. ನಮ್ಮಲ್ಲಿ ಯಾರು ಎದ್ದು ಹೋಗಿ ಹಾಕ್ತಾರೆ ಅಂತ ನೋಡ್ತಾ ಇದ್ದಾನೆ."