ಪಾರ್ಕಿಗೆ ಬಿಟ್ಟ ಮೊಲ

ಜಪಾನಿನ ಫುನಾಬೊರಿಯ ಪಶುವೈದ್ಯರೊಬ್ಬರ ಕ್ಲಿನಿಕ್ಕಿನಲ್ಲಿ ನನ್ನ ಬೆಕ್ಕಿನ ಸರದಿಗೆ ಕಾಯುತ್ತಿದ್ದೆ. ಎದುರಿಗೆ ಗಂಡ ಹೆಂಡತಿ. ಆಕೆಯ ತೊಡೆಯ ಮೇಲೆ ಮುಚ್ಚಳವಿಲ್ಲದ ರಟ್ಟಿನ ಪೆಟ್ಟಿಗೆ, ಅದರ ಅಂಚಿಗೆಲ್ಲ ರಕ್ತ. ಅಲ್ಲಿ ಯಾರಿಗೂ ಕನ್ನಡ ಬಾರದೆಂಬ ಧೈರ್ಯದಲ್ಲಿ ಜಗಳವಾಡುತ್ತಿದ್ದರು.

“ಮನೆ ಓನರ್ ಪ್ರಾಣಿ ಸಾಕ್ಬೇಡಿ ಅಂದ್ರು, ಪಾರ್ಕಲ್ಲಿ ಬಿಟ್ಟೆ. ಟೆಕ್ಸಸ್‌ನಲ್ಲಿದ್ದಾಗ ಆಫೀಸ್ ಮುಂದೆ ಎಷ್ಟು ಮೊಲ ಆರಾಮಾಗಿ ಮೇಯ್ತಿದ್ವು!”

“ಅವು ಕಾಟನ್‌ಟೇಲ್ ರೀ, ಕಾಡುಮೊಲ. ಒಂದು ನೆರಳು ಬಿದ್ರೂ ಪೊದೆಗೆ ನುಗ್ತಿದ್ವು. ಇದು ಪಂಜರದಲ್ಲೇ ಹುಟ್ಟಿದ್ದು.”

“ನಮ್ಗೆ ಎಲ್ಲಾ ಮೊಲಾನೇ ಅಲ್ವಾ?”

“ನಮ್ಗೆ ಹೌದು. ಯಾವ್ದು ಓಡಲ್ಲ ಅಂತ ಕಾಗೆಗಳಿಗೆ ಗೊತ್ತಾಯ್ತು. ನಾಲ್ಕು ಸೇರಿ ಕುಕ್ತಿದ್ವಂತೆ. ನಿಮ್ಮ ಮಗಳು ಸ್ಕೂಲಿಂದ ಬರ್ತಾ ನೋಡಿ, ಛತ್ರೀಲಿ ಬಡಿದೂ ಬಡಿದೂ ಬಿಡಿಸ್ಕೊಂಡು ಬಂದ್ಳು. ಒಂದು ಕಾಗೆ ಅಲ್ಲೇ ಸತ್ತಿದೆ.”

“ಎಲ್ಲಾದ್ರೂ ಓಡಿಹೋಗುತ್ತೆ ಅನ್ಕೊಂಡೆ ಕಣೇ.”

“ಎಲ್ಲಿಗೆ ಓಡುತ್ತೆ? ನೀವು ಬಿಟ್ಟ ಜಾಗದಲ್ಲೇ ಕೂತಿತ್ತಂತೆ, ವಾಪಸ್ ಬರ್ತೀರ ಅಂತ.”

ನರ್ಸ್ ಅವರನ್ನು ಕರೆದಳು. ಅವನು ಪೆಟ್ಟಿಗೆ ಎತ್ತಿಕೊಂಡು, “ಮೊಮೊ, ಏನಾಗಲ್ಲ ಪುಟ್ಟಾ,” ಎನ್ನುತ್ತ ಒಳಗೆ ನಡೆದ. ಮೊಲ ಆ ದನಿಯ ಕಡೆಗೆ ಮುಖ ಎತ್ತಿತು. ಅದಕ್ಕೆ ಕಣ್ಣುಗಳಿರಲಿಲ್ಲ.