ಒಂದೇ ಕಾಲುವೆ, ಎರಡು ಕ್ಯಾಂಪು

ಶರಣರೇ, ತಾಯಂದಿರೇ, ಮನುಷ್ಯನಿಗೆ ಹತ್ತೆಂಟು ಚಟಗಳಿವೆ. ಬೀಡಿ, ಇಸ್ಪೀಟು, ಎಲೆ ಅಡಿಕೆ. ಇವನ್ನೆಲ್ಲ ಹೇಗೋ ಬಿಡಿಸಬಹುದು. ಬಿಡಿಸಲು ಬಾರದ ಚಟ ಒಂದಿದೆ. ಕಟ್ಟೆಯ ಮೇಲೆ ಕೂತು ಜನರನ್ನು ತೂಗುವ ಚಟ. ಅವರು ನೋಡು ಹೇಗೆ ಮುಂದೆ ಬಂದರು, ಇವರು ನೋಡು ಹೇಗೆ ಹಾಗೇ ಉಳಿದರು! ತೂಗುವುದಕ್ಕೆ ಖರ್ಚಿಲ್ಲ, ಬೆವರಿಲ್ಲ. ತೂಗಿದ ಮೇಲೆ ಊಟವೂ ಚೆನ್ನಾಗಿ ಸೇರುತ್ತದೆ. ಅಲ್ಲವೇ?

ಕೇಳಿ. ಕಾಲುವೆ ಹರಿಯುವ ಒಂದು ಸೀಮೆಯಲ್ಲಿ ಒಬ್ಬ ಧನಿಕನಿದ್ದ. ಹೆಸರಿಲ್ಲದಿದ್ದರೆ ನಿಮಗೆ ಕಥೆ ರುಚಿಸುವುದಿಲ್ಲ. ಕೋಟಯ್ಯ ಎಂದಿಟ್ಟುಕೊಳ್ಳಿ. ಉಪಕಾಲುವೆಯ ತೂಬಿನ ಪಕ್ಕದಲ್ಲೇ ಅವನ ಗದ್ದೆ, ಗದ್ದೆಯ ಪಕ್ಕ ಅಕ್ಕಿ ಗಿರಣಿ, ಗಿರಣಿಯ ಪಕ್ಕ ಅಮೃತಶಿಲೆ ಹಾಸಿದ ಮನೆ. ಅವನ ತಾತ ಗುಂಟೂರಿನ ಕಡೆಯಿಂದ ಬಂದವನು. ಕಾಲುವೆ ಆಗಷ್ಟೇ ಆಗಿತ್ತು. ಇಲ್ಲಿಯವರಿಗೆ ನೀರಾವರಿ ಗೊತ್ತಿರಲಿಲ್ಲ. ಅವನಿಗೆ ಭೂಮಿ ಮಾರಿದವರು ಯಾರು? ನಿಮ್ಮ ಅಜ್ಜಂದಿರೇ. ಮಾರಿ, ಮೀಸೆ ತಿರುವಿ, ಜಾಲಿಗಿಡ ಕೊಂಡ ಹುಚ್ಚ ಎಂದು ನಕ್ಕರು. ಇರಲಿ, ಆ ಗಾಯವನ್ನು ಇವತ್ತು ಕೆರೆಯುವುದು ಬೇಡ.

ಅದೇ ಕಾಲುವೆಯ ಕೊನೆಯಲ್ಲಿ ಇನ್ನೊಂದು ಜನ. ಪೂರ್ವ ಬಂಗಾಳದಿಂದ ಓಡಿ ಬಂದವರು. ಸರ್ಕಾರ ಅವರನ್ನು ತಂದು ಅಲ್ಲಿ ಇಳಿಸಿ, ತಲೆಗೊಂದಿಷ್ಟು ಭೂಮಿ ಅಳೆದು ಕೊಟ್ಟು, ಬದುಕಿಕೊಳ್ಳಿ ಎಂದು ಹೇಳಿ ಹೋಗಿತ್ತು. ತಮಾಷೆ ನೋಡಿ, ಈ ಎರಡೂ ಊರುಗಳನ್ನು ಸುತ್ತಲಿನವರು ಕರೆಯುವುದು ಕ್ಯಾಂಪ್ ಎಂದೇ. ಒಂದು ಕ್ಯಾಂಪಿನಲ್ಲಿ ಮನೆಗೊಂದು ಕಾರು, ಕಾರಿಗೊಂದು ಷೆಡ್ಡು. ಇನ್ನೊಂದು ಕ್ಯಾಂಪಿನಲ್ಲಿ ಆ ಷೆಡ್ಡಿನಂಥದ್ದೇ ಮನೆ.

ಈ ಕೋಟಯ್ಯ ಕೆಟ್ಟವನೇನಲ್ಲ. ದುಡಿಯುವವನು, ಕುಡಿಯದವನು, ಕೂಲಿಯವರಿಗೆ ಹೊತ್ತಿಗೆ ಸರಿಯಾಗಿ ಚಹಾ ಕೊಡಿಸುವವನು. ಆದರೆ ನಾನು ಹೇಳಿದ ಚಟವೊಂದು ಇತ್ತು. ಬಂಗಾಳಿ ಹೆಂಗಸರು ಅವನ ಗದ್ದೆಗೆ ನಾಟಿ ಮಾಡಲು ಬಂದರೆ ಬದುವಿನ ಮೇಲೆ ನಿಂತು ತೂಗುತ್ತಿದ್ದ. 'ನಾವೂ ಪರದೇಶದಿಂದ ಬಂದವರು. ಇವರೂ ಪರದೇಶದಿಂದ ಬಂದವರು. ನಾವು ನೆಲ ಕೊಂಡೆವು, ಇವರಿಗೆ ನೆಲ ಪುಕ್ಕಟೆ ಸಿಕ್ಕಿತು. ನಾವೆಲ್ಲಿ, ಇವರೆಲ್ಲಿ! ಯಾಕೆ?' ಈ ಪ್ರಶ್ನೆಯನ್ನು ಅವನು ಗಿರಣಿಯಲ್ಲಿ ಕೇಳುತ್ತಿದ್ದ, ಕ್ಷೌರದಂಗಡಿಯಲ್ಲಿ ಕೇಳುತ್ತಿದ್ದ, ಮದುವೆಯ ಪಂಕ್ತಿಯಲ್ಲಿ ಕೇಳುತ್ತಿದ್ದ. ಉತ್ತರ ಹೇಳಲು ಯಾರಿಗೂ ಬಿಡುತ್ತಿರಲಿಲ್ಲ. ಉತ್ತರ ಅವನ ಕಿಸೆಯಲ್ಲೇ ಇರುತ್ತಿತ್ತು: ಸೋಮಾರಿತನ.

ಒಂದು ವರ್ಷ ಬಂಗಾಳಿ ಕ್ಯಾಂಪಿನವರು ದುರ್ಗಾಪೂಜೆಗೆ ಇವನನ್ನು ಕರೆದರು. ಖಿಚಡಿಗೆ ಅಕ್ಕಿ ಇವನದೇ ಆಗಿತ್ತು, ಆದ್ದರಿಂದ ಮುಖ್ಯ ಅತಿಥಿಯೂ ಇವನೇ ಆಗಬೇಕಾಯಿತು. ಹೊರಡುವಾಗ ಹೆಂಡತಿ ಅನಸೂಯಮ್ಮ ಹೇಳಿದಳು. ಅವರ ಮನೆಮಾತು ತೆಲುಗು, ನಾನು ನಮ್ಮ ಮಾತಿನಲ್ಲಿ ಹೇಳುತ್ತೇನೆ.

"ಹೋಗ್ರಿ, ದೇವರಿಗೆ ಕೈ ಮುಗೀರಿ, ಪ್ರಸಾದ ತಿನ್ರಿ, ಬರ್ರಿ. ಬುದ್ಧಿ ಹೇಳಾಕ ಹೋಗಬ್ಯಾಡ್ರಿ."

"ಅಕ್ಕಿ ಕೊಟ್ಟೀನಿ. ನಾಲ್ಕು ಮಾತೂ ಕೊಟ್ರ ತಪ್ಪೇನೈತಿ?" ಎಂದ ಕೋಟಯ್ಯ.

ಹೋದ. ಪೆಂಡಾಲಿನಲ್ಲಿ ಕೂರಿಸಿದರು, ಶಂಖ ಊದಿದರು. ಕ್ಯಾಂಪಿನ ಹಿರಿಯ ನಿತಾಯ್ ಎಂಬವನು ಶಾಲು ಹೊದಿಸಿದ. ಕೋಟಯ್ಯ ಮೈಕು ಹಿಡಿದ. ಮೈಕು ಹಿಡಿದ ಅಕ್ಕಿಯ ದಾನಿಯನ್ನು ತಡೆಯುವವರು ಯಾರು? ಹಿಂದೆ ಒಲೆಯ ಮೇಲೆ ಖಿಚಡಿ ಕುದಿಯುತ್ತಿತ್ತು. ಮುಂದೆ ಇವನೂ ಕುದಿಯತೊಡಗಿದ.

"ನಮ್ಮ ತಾತ ಬಂದಾಗ ಇಲ್ಲಿ ಏನಿತ್ರಿ? ಜಾಲಿಮುಳ್ಳು, ಹಾವು, ಚೇಳು. ಬಂಡಿ ಕೆಳಗ ಮಲಗಿ ನೆಲ ಹಸನು ಮಾಡಿದ. ಸರ್ಕಾರ ನಮಗೇನೂ ಕೊಡಲಿಲ್ಲ. ತಾತ ಆ ಕಡೆ ಒಂದೆಕರೆ ಮಾರಿದ, ಈ ಕಡೆ ಹತ್ತೆಕರೆ ಕೊಂಡ. ಅದಕ್ಕ ಬುದ್ಧಿ ಬೇಕ್ರಿ! ನಿಮಗ ಭೂಮಿ ಪುಕ್ಕಟೆ ಬಂತು. ಬಂದು ಏನು ಮಾಡಿದ್ರಿ? ಮೀನು ಹಿಡಕೊಂತ ಕುಂತ್ರಿ. ಬ್ಯಾಸರ ಮಾಡ್ಕೋಬ್ಯಾಡ್ರಿ, ನಿಮ್ಮವ ಅಂತ ಹೇಳಾಕತ್ತೀನಿ. ನಮ್ಮನ್ನ ನೋಡಿ ಕಲೀರಿ!"

ಚಪ್ಪಾಳೆ ಬಿತ್ತು. ಒಳ್ಳೆಯ ಚಪ್ಪಾಳೆಯೇ ಬಿತ್ತು, ಯಾಕೆಂದರೆ ಭಾಷಣ ಮುಗಿಯದೆ ಊಟವಿರಲಿಲ್ಲ.

ಅತಿಥಿಗೆ ಪ್ರಸಾದದ ತಟ್ಟೆ ಕೊಡಲು ಕ್ಯಾಂಪಿನ ಅತಿ ಹಿರಿಯ ಹೆಂಗಸು ಬಂದಳು. ಚಾರುಬಾಲಾ ಎಂದು ಹೆಸರು. ಕಾಲ ಕಳೆದಂತೆ ಬಂಗಾಳಿಯ ಜೊತೆಗೆ ನಮ್ಮ ಮಾತೂ ಅವಳ ನಾಲಿಗೆಗೆ ಹತ್ತಿತ್ತು; ಕಲಿತದ್ದು ಕೋಟಯ್ಯನ ಗದ್ದೆಯ ಕೆಸರಿನಲ್ಲೇ. ತಟ್ಟೆ ಕೊಟ್ಟು ಪಕ್ಕದ ಕುರ್ಚಿಯಲ್ಲಿ ಕೂತಳು. ಅವಳ ಮುಖದಲ್ಲಿ ಸಿಟ್ಟಿಲ್ಲ, ವ್ಯಂಗ್ಯವಿಲ್ಲ. ನಿಜಕ್ಕೂ ತಿಳಿಯುವ ಆಸೆ.

"ಆ ಒಂದೆಕರೆ ಮಾರಿದ್ರಂತಲ್ಲಪ್ಪಾ, ಯಾರು ಕೊಂಡ್ರು?"

ಕೋಟಯ್ಯನಿಗೆ ಖುಷಿಯಾಯಿತು. ತಾತನ ಕಥೆ ಕೇಳುವವರು ಈಗೀಗ ಮನೆಯಲ್ಲೂ ಸಿಗುತ್ತಿರಲಿಲ್ಲ. "ಬಾಜೂ ಹೊಲದಾವ್ರೇ ಕೊಂಡ್ರವ್ವಾ. ತಾತನ ಗೆಳೆಯ ಅವನು. ಚೌಕಾಶಿ ಮಾಡಲಿಲ್ಲ. ಊರ ಹೊರಗಿನ ತನಕ ಬಂಡಿ ಜೊತಿ ನಡಕೊಂಡು ಬಂದು, ಕಣ್ಣೀರು ಹಾಕಿ ಕಳಿಸಿದನಂತ."

"ಪುಣ್ಯವಂತರು," ಎಂದಳು ಚಾರುಬಾಲಾ. "ನಮ್ಮದೂ ಐದೆಕರೆ ಇತ್ತಪ್ಪಾ, ನದಿ ದಂಡಿ ಮ್ಯಾಲ. ಕೊಳ್ಳೋರು ಯಾರೂ ಬರಲಿಲ್ಲ. ನಾವು ಓಡೋದು ಎಲ್ಲಾರಿಗೂ ಗೊತ್ತಿತ್ತು. ನಾಳೆ ಪುಕ್ಕಟೆ ಸಿಗೋ ಹೊಲಕ್ಕ ಇವತ್ತು ರೊಕ್ಕ ಯಾರು ಕೊಡ್ತಾರ? ನಮ್ಮತ್ತಿ ಬಾಗಲಕ್ಕ ಕೀಲಿ ಹಾಕಿದಳು. ಯಾಕ ಹಾಕಿದಳೋ. ಒಲಿ ಮ್ಯಾಲ ಅನ್ನ ಹಂಗೇ ಇತ್ತು."

ತಟ್ಟೆಯ ಕಡೆ ಕೈ ತೋರಿಸಿ ಅವಳೇ ಹೇಳಿದಳು: "ಉಣ್ಣಪ್ಪಾ, ಆರತೈತಿ."

ಕೋಟಯ್ಯ ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದ. ಇದು ನಾಟಕವಲ್ಲ. ಪುಕ್ಕಟೆ ಎಂಬ ಶಬ್ದವನ್ನು ಮೈಕಿನಲ್ಲಿ ಎಷ್ಟು ಜೋರಾಗಿ ಹೇಳಿದ್ದೆ ಎಂದು ನೆನಪಾಗಿ ಕಿವಿ ಬಿಸಿಯಾಯಿತು. ತನ್ನ ತಾತನಿಗೆ ಬುದ್ಧಿ ಇತ್ತು, ನಿಜ. ಬುದ್ಧಿಯ ಜೊತೆಗೆ ಮಾರಲು ಒಂದೆಕರೆ ಇತ್ತು, ಕೊಳ್ಳಲು ಒಬ್ಬ ಗೆಳೆಯನಿದ್ದ. ಇಷ್ಟು ವರ್ಷ ತೂಗಿದವನಿಗೆ ಇದೊಂದು ತೂಕಕ್ಕೇ ಬಂದಿರಲಿಲ್ಲ.

ಏಳುವ ಮೊದಲು ಕೇಳಿದ: "ಮತ್ತ ಈಗ ಬೆಳಿ ಹ್ಯಾಂಗೈತವ್ವಾ?"

"ಮೊಮ್ಮಗ ಈ ಸಲ ಭತ್ತ ಹಚ್ಯಾನಪ್ಪಾ. ತೆನಿ ಹಾಲು ತುಂಬೋ ಹೊತ್ತು. ಒಂದು ನೀರು ಬಂದ್ರ ಕೈಗೆ ಹತ್ತತೈತಿ. ಕಾಲುವೀಗೆ ನೀರು ಬಿಟ್ಟಾರಂತ, ಇನ್ನೂ ನಮ್ಮ ಕಡಿ ಮುಟ್ಟಿಲ್ಲ."

ಮರುದಿನ ಬೆಳಿಗ್ಗೆ ಕೋಟಯ್ಯ ಒಂದು ಕೆಲಸ ಮಾಡಿದ. ಮೆಚ್ಚುವಂಥ ಕೆಲಸವೇ. ಜೀಪು ತೆಗೆದುಕೊಂಡು ಕಾಲುವೆಯ ದಂಡೆಯ ಮೇಲೆ ಕೊನೆಯವರೆಗೂ ಹೋದ. ಹುಟ್ಟಿದಾಗಿನಿಂದ ಆ ಕಾಲುವೆಯ ನೀರು ಕುಡಿದವನು, ಅದು ಎಲ್ಲಿ ಮುಗಿಯುತ್ತದೆ ಎಂದು ನೋಡಿರಲಿಲ್ಲ. ತನ್ನ ಗದ್ದೆಯ ಬಳಿ ಸೊಂಟದ ತನಕ ಹರಿಯುವ ನೀರು ಮುಂದೆ ಮೊಣಕಾಲಿಗೆ ಬಂತು, ಆಮೇಲೆ ಹಿಮ್ಮಡಿಗೆ ಬಂತು, ಆಮೇಲೆ ಕೆಸರಾಯಿತು, ಆಮೇಲೆ ಬರೀ ಬಿರುಕು. ಕೊನೆಯಲ್ಲಿ ಕಾಲುವೆಯೊಳಗೆ ಯಾರೋ ಆಡು ಕಟ್ಟಿದ್ದರು. ನಿತಾಯ್ ಹೊಲದಲ್ಲಿ ನಿಂತು ಇವನನ್ನು ನೋಡಿದ.

"ನೀರು ಯಾಕ ಬರವಲ್ದೋ ನಿತಾಯ್?" ಎಂದು ಕೇಳಿದ ಕೋಟಯ್ಯ.

ನಿತಾಯ್ ಅವನ ಮುಖ ನೋಡಿದ. ಜೀಪು ನೋಡಿದ. "ಮ್ಯಾಲಿನವರಿಗೆ ಸಾಕಾಗಂಗಿಲ್ಲೇನೋ ಸಾವ್ಕಾರ್ರೇ," ಎಂದ.

ಕೋಟಯ್ಯನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ತೂಬಿನಿಂದ ಹಿಡಿದು ಕೆಳಗಿನವರೆಗೂ ಕಾಲುವೆಗೆ ಇಳಿಬಿಟ್ಟ ಪೈಪುಗಳಿವೆ; ಎಲ್ಲಕ್ಕಿಂತ ದಪ್ಪ ಪೈಪು ಅವನದು. ಪಾಲಿನ ನೀರು ಸಾಲದೆ ಅಲ್ಲ. ಕಾಲುವೆಯ ನೀರಿಗೆ ಹಕ್ಕಿಲ್ಲದ ಎತ್ತರದ ನೆಲವನ್ನೂ ಅವನು ಗದ್ದೆ ಮಾಡಿಕೊಂಡಿದ್ದ. ಅದಕ್ಕೆ ಆ ನೀರು. ಬರುವಾಗ ಆ ಪೈಪಿನ ಬಳಿ ಜೀಪು ನಿಲ್ಲಿಸಿ ಇಳಿದ. ಮೋಟಾರು ಗುಂಯ್ ಎನ್ನುತ್ತಿತ್ತು. ಸ್ವಿಚ್ಚಿನ ಡಬ್ಬಿಯ ಬಾಗಿಲು ತೆರೆದ. ಕೈ ಒಳಗೆ ಹೋಯಿತು. ಅಷ್ಟರಲ್ಲಿ ಎತ್ತರದ ಗದ್ದೆಯ ಕಡೆ ಕಣ್ಣು ಹೋಯಿತು. ಹಸಿರೆಂದರೆ ಹಸಿರು. ಅದರದೂ ತೆನೆ ಹಾಲು ತುಂಬುವ ಹೊತ್ತೇ.

ಡಬ್ಬಿ ಮುಚ್ಚಿದ.

ಆದರೆ ಮನಸ್ಸು ಸುಮ್ಮನಿರಲಿಲ್ಲ. ಒಳ್ಳೆಯವನಿಗೆ ಇದೇ ತೊಂದರೆ, ಏನಾದರೂ ಒಳ್ಳೆಯದು ಮಾಡಲೇಬೇಕು. ಮನೆಗೆ ಬಂದು ಅನಸೂಯಮ್ಮನಿಗೆ ಹೇಳಿದ: "ಆ ಮಂದಿಗೆ ಅನ್ಯಾಯ ಆಗೇತಿ. ನಾನು ಏನಾರ ಮಾಡಬೇಕು."

"ಪೈಪು ತೆಗಸ್ರಿ," ಎಂದಳು ಅವಳು, ಸಾರಿಗೆ ಒಗ್ಗರಣೆ ಹಾಕುತ್ತಾ.

"ಅದಲ್ಲ. ದೊಡ್ಡದು ಏನಾರ."

ದೊಡ್ಡದನ್ನೇ ಮಾಡಿದ. ಬಂಗಾಳಿ ಕ್ಯಾಂಪಿನ ನಡುವೆ ಕುಡಿಯುವ ನೀರಿನ ತೊಟ್ಟಿ ಕಟ್ಟಿಸಿದ. ತಾತನ ಹೆಸರು ಕೆತ್ತಿಸಿದ. ತುಂಬಿಸಲು ತನ್ನದೇ ಟ್ಯಾಂಕರ್ ಗೊತ್ತು ಮಾಡಿ, ಅದರ ಮೇಲೆ 'ಜಲದಾನ' ಎಂದು ಬರೆಸಿದ. ಉದ್ಘಾಟನೆಗೆ ಮತ್ತೆ ಪೆಂಡಾಲು, ಮತ್ತೆ ಶಾಲು, ಮತ್ತೆ ಮೈಕು. ಈ ಸಲದ ಭಾಷಣ ಎಷ್ಟು ಚೆನ್ನಾಗಿತ್ತು! ತಾತನ ಒಂದೆಕರೆಯ ಮಾತೇ ಇಲ್ಲ. ಮೀನಿನ ಮಾತಿಲ್ಲ. 'ನಾವೂ ನೀವೂ ಒಂದೇ ಕಾಲುವೆಯ ಮಕ್ಕಳು' ಎಂದ. ಹೇಳುವಾಗ ಅವನ ಕಣ್ಣು ಒದ್ದೆಯಾಯಿತು.

ಮೊದಲ ಲೋಟ ಚಾರುಬಾಲಾಳಿಗೆ ಕೊಟ್ಟರು. ಕುಡಿದಳು. ಇನ್ನೊಂದು ಗುಟುಕು ಕುಡಿದಳು.

"ಸೀ ಐತಪ್ಪಾ ನೀರು. ಎಲ್ಲಿಂದು?"

"ನಮ್ಮ ಕಾಲುವೀದೇ ಅವ್ವಾ. ಪಂಪಿಲೆ ಎತ್ತಿಸಿ, ಶುದ್ಧ ಮಾಡಿಸಿ ತಂದೀನಿ."

"ಹೌದಾ? ಹಂಗಾದ್ರ ನಮ್ಮ ನೀರೇ," ಎಂದಳು ಮುದುಕಿ. "ಗಾಡ್ಯಾಗ ಬಂತು, ಅಷ್ಟ."

ಪೆಂಡಾಲಿನಲ್ಲಿ ನಗೆ ಎದ್ದಿತು. ಕೋಟಯ್ಯನೂ ನಕ್ಕ. ಅನಸೂಯಮ್ಮ ಮಾತ್ರ ನಗಲಿಲ್ಲ. ಸೆರಗಿನ ಅಂಚು ನೋಡುತ್ತ ಕೂತಳು. ಆ ವರ್ಷ ಕೆಳಗಿನ ಭತ್ತಕ್ಕೆ ನೀರು ಮುಟ್ಟಲಿಲ್ಲ. ತೆನೆ ಜೊಳ್ಳಾಯಿತು. ಚಾರುಬಾಲಾಳ ಮೊಮ್ಮಗ ಅದನ್ನು ದನಕ್ಕೆ ಕೊಯ್ದು ಹಾಕಿ, ಕುಡುಗೋಲು ಹಿಡಿದು ಕೋಟಯ್ಯನ ಗದ್ದೆಗೇ ಕೊಯ್ಲಿಗೆ ಬಂದ. ಎತ್ತರದ ಗದ್ದೆಗೆ. ಕೋಟಯ್ಯ ಬದುವಿನ ಮೇಲೆ ನಿಂತಿದ್ದ. ಈಗ ಅವನು ತೂಗುತ್ತಿರಲಿಲ್ಲ. ಪಾಪ ಎನ್ನುತ್ತಿದ್ದ. 'ಪಾಪ, ಒಳ್ಳೆಯ ಜನ' ಎನ್ನುತ್ತಿದ್ದ. ಸಂಜೆಗೆ ಟ್ಯಾಂಕರ್ ಕಳಿಸುವುದನ್ನು ಒಂದು ದಿನವೂ ತಪ್ಪಿಸುತ್ತಿರಲಿಲ್ಲ.

ಕಥೆ ಇಷ್ಟೇ.

ನಗುತ್ತಿದ್ದೀರಿ. ಹಿಂದಿನ ಸಾಲಿನಲ್ಲಿ ಸ್ವಲ್ಪ ಜೋರಾಗಿಯೇ ನಗುತ್ತಿದ್ದೀರಿ. ಕೋಟಯ್ಯ ನಮ್ಮವನಲ್ಲ, ಆ ಕ್ಯಾಂಪಿನವನು ಎಂಬ ಸಂತೋಷವೇ? ಸ್ವಾಮಿಗಳು ಇವತ್ತು ಅವರಿಗೆ ಸರಿಯಾಗಿ ಕೊಟ್ಟರು ಎಂದೇ? ನೋಡಿ, ಆ ಕಾಲುವೆಯಲ್ಲಿ ಇಳಿಬಿಟ್ಟ ಪೈಪುಗಳು ಬಹಳ ಎಂದೆ. ದಪ್ಪದ್ದೊಂದು ಮಾತ್ರ ಕೋಟಯ್ಯನದು. ಉಳಿದವು ಯಾರವು? ನಿಮ್ಮ ಅಜ್ಜ ಗುಂಟೂರಿನವನಲ್ಲ, ನಿಜ. ನಿಮ್ಮ ಪೈಪು ಯಾವ ಭಾಷೆ ಆಡುತ್ತದೆ?

ನೀರೊಂದೇ ಅಲ್ಲ. ಊರಿಗೆ ಹೊಸಬ ಬಂದು ಮನೆ ಬಾಡಿಗೆಗೆ ಕೇಳಿದರೆ, ನಿಮ್ಮವರಿಗೆ ಕೊಡೋದಿಲ್ಲ ಎನ್ನುತ್ತೀರಿ. ಮರುದಿನ ಅವನು ಹಳ್ಳದ ದಂಡೆಗೆ ತಗಡು ಹಾಕಿಕೊಂಡರೆ, ಇವರಿಗೆ ಸ್ವಚ್ಛವಾಗಿ ಬದುಕುವುದು ಗೊತ್ತಿಲ್ಲ ಎನ್ನುತ್ತೀರಿ. ಇನ್ನೊಬ್ಬ ಹೊಸಬ ಬರುತ್ತಾನೆ, ನಿಮ್ಮ ಪರಿಚಯದವರ ಪರಿಚಯದವನು. ಅವನಿಗೆ ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿ ಮುಂಗಡವಿಲ್ಲದೆ ಕೊಡುತ್ತೀರಿ. ಹತ್ತು ವರ್ಷವಾದ ಮೇಲೆ ಕಟ್ಟೆಗೆ ಕೂತು, ಅವನು ನೋಡು, ಇವನು ನೋಡು! ತಾಯಂದಿರೇ, ನೀವೂ ಕೇಳಿ. ಮನೆಗೆಲಸಕ್ಕೆ ಬರುವವಳಿಗೆ ಬೇರೆ ಲೋಟ ಇಟ್ಟು, ಇವರು ನಮ್ಮ ಜೊತೆ ಬೆರೆಯುವುದಿಲ್ಲ ಎಂದರೆ ಹೇಗೆ?

ದಾನ ಮಾಡಿ ಎಂದು ಹೇಳಿ ನಮಗೆ ಅಭ್ಯಾಸ. ಇವತ್ತು ಬೇರೆ ಮಾತು ಹೇಳುತ್ತೇನೆ, ಮಠದ ಹುಂಡಿಗೆ ನಷ್ಟವಾದರೂ ಆಗಲಿ. ಕೊಡುವ ಮೊದಲು ಬಿಡಿ. ಯಾವುದನ್ನು ಹಿಡಿದಿಟ್ಟಿದ್ದೀರೋ ಅದನ್ನು ಬಿಡಿ. ಇನ್ನೊಬ್ಬರ ಪಾಲನ್ನು ಅವರಿಗೇ ದಾನವಾಗಿ ಕೊಟ್ಟರೆ ಪುಣ್ಯ ಬರುವುದಿಲ್ಲ, ಶಾಲು ಬರುತ್ತದೆ. ಮತ್ತು ಯಾರನ್ನಾದರೂ ತೂಗಬೇಕು ಎನಿಸಿದಾಗ ಅವರ ಮನೆಗೆ ಹೋಗಿ ಕೂತು ಕೇಳಿ: ಬರುವಾಗ ಏನು ತಂದಿರಿ? ಏನು ಬಿಟ್ಟು ಬಂದಿರಿ? ಬಂದ ಮೇಲೆ ಯಾರು ಬಾಗಿಲು ತೆರೆದರು, ಯಾರು ಮುಚ್ಚಿದರು? ಆ ಮುಚ್ಚಿದವರಲ್ಲಿ ನಿಮ್ಮ ಹೆಸರು ಬಂದರೆ ಎದ್ದು ಓಡಬೇಡಿ, ಕೇಳಿಸಿಕೊಳ್ಳಿ.

ಇನ್ನು ಪ್ರಸಾದಕ್ಕೆ ಏಳಬಹುದು. ಒಂದು ನಿಮಿಷ. ಈ ಮಠದ ಹಿಂದೆಯೂ ಒಂದು ಉಪಕಾಲುವೆ ಹೋಗುತ್ತದೆ. ಕೆಳಗಿನ ಊರಿನವರು ನಿನ್ನೆ ಬಂದು ಅತ್ತು ಹೋದರು. ಯಾರ ಪೈಪು ಅದರಲ್ಲಿದೆಯೋ ಅವರ ಹೆಸರು ನನಗೆ ಬೇಡ. ಈಗಲೇ ಎದ್ದು ಹೋಗಿ, ಎತ್ತಿ ದಂಡೆಗೆ ಹಾಕಿ ಬನ್ನಿ. ಅನ್ನ ಆಗಿದೆ, ಸಾರೂ ಆಗಿದೆ. ನೀವು ತಿರುಗಿ ಬರುವವರೆಗೆ ಯಾರಿಗೂ ಬಡಿಸಬೇಡಿ ಎಂದು ಅಡುಗೆಯವರಿಗೆ ಹೇಳಿದ್ದೇನೆ. ಇಷ್ಟೂ ಜನ ಹಸಿದು ನಿಮ್ಮ ದಾರಿ ಕಾಯುತ್ತಿರುತ್ತಾರೆ.