ನಡುವೆಯೋ, ಹಿಂದೆಯೋ

ಬೂಡೋ ಬಂದರಿನಲ್ಲಿ ಫೆರಿಗಾಗಿ ಕಾಯುತ್ತಿದ್ದ ಯೋರ್ಡಿಸ್‌ಳ ಎದುರು ಬೆಂಚಿನಲ್ಲಿ ಗಂಡ ಹೆಂಡತಿ ಕೂತಿದ್ದರು. ಅವರ ಮಡಿಲ ಮೇಲೆ ಹೊಸ ಹಾಯಿದೋಣಿಯ ನಕ್ಷೆ ಹರಡಿತ್ತು.

“ಚುಕ್ಕಾಣಿ ಹಿಡಿದು ಕೂರೋ ಕಾಕ್‌ಪಿಟ್ ದೋಣಿ ನಡುವೆ ಇರ್ಲಿ ಸೋಲ್ವಿ. ಎತ್ತರದಲ್ಲಿರುತ್ತೆ, ನೀರು ಅಷ್ಟು ಬಡಿಯಲ್ಲ.”

“ಹಿಂದೇನೇ ಇರ್ಲಿ ಆಸ್ಲಾಕ್. ಕ್ಯಾಬಿನ್ ಬಾಗಿಲು ತೆಗೆದ್ರೆ ಮಲಗಿದ್ದಲ್ಲಿಂದ್ಲೇ ನಿನ್ನ ಕಾಲು ಕಾಣ್ಬೇಕು ನಂಗೆ.”

“ನನ್ನ ಬೂಟು ನೋಡ್ಕೊಂಡು ನಿದ್ದೆ ಮಾಡ್ತೀಯಾ?”

“ಹೂಂ. ನಿನ್ನ ಹಾಗೆ ಅದು ಗೊರಕೆ ಹೊಡೆಯಲ್ಲ.”

ಅವನು ನಗಲಿಲ್ಲ.

“ಹಿಂದೆ ಇದ್ರೆ ಅಲೆ ನೇರ ಮೈಮೇಲೇ ಬರುತ್ತೆ ಕಣೆ. ಹೋದ ಚಳಿಗಾಲ ಹಳೇ ದೋಣೀಲಿ ಬಂತಲ್ಲ, ಹಾಗೆ.”

“ಯಾವಾಗ ಬಂತು?”

“ನೀನು ಮಲಗಿದ್ದೆ. ನನ್ನನ್ನ ಎತ್ತಿ ಆಚೆ ಹಾಕ್ತು. ಸೊಂಟಕ್ಕೆ ಕಟ್ಟಿದ ಹಗ್ಗದಲ್ಲೇ ನೇತಾಡ್ತಿದ್ದೆ.”

“ಕೂಗ್ಬಾರ್ದಿತ್ತಾ?”

“ಕೂಗ್ದೆ. ಬಾಗಿಲು ಹಾಕಿತ್ತು. ಒಲೆ ಬಿಸಿ ಆಚೆ ಹೋಗುತ್ತೆ ಅಂತ ನಾನೇ ಹಾಕಿದ್ದೆ.”

ಯೋರ್ಡಿಸ್ ಕಾಫಿ ಲೋಟವನ್ನು ತುಟಿಗೆ ಒಯ್ಯಲಾರದೆ ಹಾಗೇ ಹಿಡಿದಿದ್ದಳು. ತಾನು ಕೇಳಬಾರದ್ದನ್ನು ಕೇಳಿದೆ ಅನ್ನಿಸಿತು ಅವಳಿಗೆ.

ಫೆರಿ ಕೂಗಿತು. ಅವನು ನಕ್ಷೆ ಸುತ್ತಿಕೊಂಡು ಎದ್ದ.

“ಮುಂದೆ ನಡಿ ನೀನು,” ಅಂದಳು ಸೋಲ್ವಿ.

“ಯಾಕೆ, ಜೊತೇಲೇ ಹೋಗೋಣ.”

“ನಡಿ ಅಂದ್ನಲ್ಲ.”

ಅವನ ಬೆನ್ನಿನಿಂದ ಕಣ್ಣು ಕೀಳದೆ ಅವಳು ಹಿಂದೆ ಹಿಂದೆಯೇ ಹೋದಳು.